ಮೂಳೆಯ ಸಾಕ್ಷ್ಯ, ನೆತ್ತರಿನ ಸಾಕ್ಷ್ಯ

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನೆಂಟರೆಲ್ಲ ನೆರೆದಾಗ ನಡೆಯುವ ಚರ್ಚೆಯೊಂದು ಎಲ್ಲರಿಗೂ ಪರಿಚಿತವಾದದ್ದು. ಹಣೆ ಅಜ್ಜನದೆಂದು ಒಬ್ಬರು, ಮೂಗು ಸೋದರಮಾವನದೆಂದು ಮತ್ತೊಬ್ಬರು, ಕಿವಿ ಮಾತ್ರ ನಿಸ್ಸಂದೇಹವಾಗಿಯೂ ತಮ್ಮ ಕಡೆಯದೆಂದು ಮೂರನೆಯವರು. ಇನ್ನೂ ಕಣ್ಣು ನಿಲ್ಲದ ಕೂಸಿನ ಮುಖದಲ್ಲಿ ಇಷ್ಟೊಂದು ಮಂದಿ ತಂತಮ್ಮ ವಂಶದ ಗುರುತನ್ನು ಕಾಣುತ್ತಾರಲ್ಲ, ಇವರೆಲ್ಲರ ಮಾತೂ ನಿಜವಾಗಿರಲಾರದು. ಹಾಗೆಂದು ಅಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಕಂಡದ್ದನ್ನೇ ಹೇಳುತ್ತಿದ್ದಾರೆ, ಕಾಣಬೇಕೆಂದು ಬಯಸಿದ್ದನ್ನೇ ಕಂಡಿದ್ದಾರೆ, ಅಷ್ಟೆ.

ಮನುಷ್ಯಕುಲದ ತೊಟ್ಟಿಲ ಸುತ್ತಲೂ ಇಪ್ಪತ್ತನೆಯ ಶತಮಾನದಲ್ಲಿ ಇಂಥದೇ ಒಂದು ಚರ್ಚೆ ನಡೆಯಿತು. ಕುಳಿತವರು ನೆಂಟರಲ್ಲ, ದೊಡ್ಡ ದೊಡ್ಡ ವಿದ್ವಾಂಸರು. ನಡುವೆ ಇದ್ದದ್ದು ಹಿಮಾಲಯದ ಬುಡದಲ್ಲಿ ಸಿಕ್ಕ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ದವಡೆಯ ಚೂರು. ಇದು ನಮ್ಮ ಪೂರ್ವಜನದೆಂದು ಸುಮಾರು ಇಪ್ಪತ್ತು ವರ್ಷ ಕಾಲ ಲೋಕವೇ ನಂಬಿತ್ತು. ಅದಕ್ಕಿಟ್ಟ ಹೆಸರು ರಾಮನದು. ಆ ನಂಬಿಕೆ ಹೇಗೆ ಹುಟ್ಟಿತು, ಹೇಗೆ ಮುರಿಯಿತು, ಮುರಿದ ಮೇಲೆ ನಮ್ಮ ನಿಜವಾದ ನೆಂಟರು ಯಾರೆಂದು ತಿಳಿಯಿತು ಎಂಬ ಕಥೆ ಒಮ್ಮೆ ಹೇಳಿಕೊಳ್ಳಬೇಕಾದದ್ದು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಗುಡಿಗೋಪುರಗಳ ಮೇಲೆ ಕುಣಿದಾಡುವ ಕೋತಿಗೂ, ತೋಟಕ್ಕೆ ಹಿಂಡುಹಿಂಡಾಗಿ ನುಗ್ಗುವ ಕಪ್ಪುಮೋರೆಯ ಮುಸುವಕ್ಕೂ ಬಾಲವುಂಟು. ಮನುಷ್ಯನ ಹತ್ತಿರದ ಬಂಧುಗಳೆಂದು ವಿಜ್ಞಾನಿಗಳು ಹೇಳುವುದು ಇವುಗಳನ್ನಲ್ಲ. ಬಾಲವಿಲ್ಲದ ವಾನರಗಳೆಂಬ ಬೇರೊಂದು ಗುಂಪಿದೆ. ಆಫ್ರಿಕದ ಗೊರಿಲ್ಲ, ಚಿಂಪಾಂಜಿ ಮತ್ತು ಬೊನೊಬೊ, ಬೋರ್ನಿಯೋ ಸುಮಾತ್ರಗಳ ಒರಾಂಗುಟಾನ್, ಅಸ್ಸಾಮಿನಿಂದ ಮೊದಲಾಗಿ ಆಗ್ನೇಯ ಏಷ್ಯದ ಕಾಡುಗಳಲ್ಲಿ ಕೊಂಬೆಯಿಂದ ಕೊಂಬೆಗೆ ತೂಗಿಕೊಂಡು ಸಾಗುವ ಗಿಬ್ಬನ್, ಇವು ಆ ಗುಂಪಿನವು. ಈ ಲೇಖನದಲ್ಲಿ ವಾನರವೆಂದರೆ ಇವೇ. ಇವುಗಳ ಎದೆ ನಮ್ಮದರಂತೆ ಅಗಲ. ತೋಳು ನಮ್ಮದರಂತೆಯೇ ತಲೆಯ ಮೇಲಕ್ಕೂ ಪಕ್ಕಕ್ಕೂ ಸರಾಗವಾಗಿ ತಿರುಗಬಲ್ಲದು. ಕೆಳದವಡೆಯ ಮೊದಲನೆಯ ದೊಡ್ಡ ಅರೆಯುವ ಹಲ್ಲಿನ ಮೇಲೆ ಕೋತಿಗೆ ನಾಲ್ಕು ಉಬ್ಬುಗಳಿದ್ದರೆ ಇವಕ್ಕೆ ಐದು. ಹಲ್ಲು ಸವೆದಿಲ್ಲದ ಓದುಗರು ನಾಲಗೆಯ ತುದಿಯಿಂದ ತಮ್ಮ ದವಡೆಯನ್ನೇ ತಡವಿಕೊಂಡರೆ, ತಾವು ಯಾವ ಮನೆಯವರೆಂಬುದರ ಒಂದು ಗುರುತು ಅಲ್ಲಿಯೇ ಸಿಕ್ಕೀತು.

ಈ ಹೋಲಿಕೆ ಇಂದು ನಿನ್ನೆ ಕಂಡದ್ದಲ್ಲ. ಸ್ವೀಡನ್ನಿನ ಲಿನೇಯಸ್ ಜೀವಿಗಳನ್ನೆಲ್ಲ ವರ್ಗೀಕರಿಸಲು ಹೊರಟು 1735ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದಾಗಲೇ ಮನುಷ್ಯನನ್ನೂ ವಾನರಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದನು. ಅವನು ಆಸ್ತಿಕ, ವಿಕಾಸವಾದವನ್ನು ಕನಸಿನಲ್ಲಿಯೂ ಎಣಿಸಿದವನಲ್ಲ. ಅಂಗಾಂಗಗಳನ್ನು ಪ್ರಾಮಾಣಿಕವಾಗಿ ಹೋಲಿಸಿದವನಿಗೆ ಬೇರೆ ದಾರಿ ಕಾಣಲಿಲ್ಲ. 1863ರಲ್ಲಿ ಹಕ್ಸ್‌ಲಿ ಮಿದುಳು, ಕೈಕಾಲು, ತಲೆಬುರುಡೆಗಳನ್ನು ಒಂದೊಂದಾಗಿ ತೂಗಿನೋಡಿ, ಗೊರಿಲ್ಲಕ್ಕೂ ಮನುಷ್ಯನಿಗೂ ಇರುವ ಅಂತರ ಗೊರಿಲ್ಲಕ್ಕೂ ಕೆಳದರ್ಜೆಯ ಕೋತಿಗಳಿಗೂ ಇರುವ ಅಂತರಕ್ಕಿಂತ ಕಡಿಮೆಯೆಂದು ತೋರಿಸಿದನು. 1871ರಲ್ಲಿ ಡಾರ್ವಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ನಮ್ಮನ್ನು ಅತಿಯಾಗಿ ಹೋಲುವ ಗೊರಿಲ್ಲ ಚಿಂಪಾಂಜಿಗಳೆರಡೂ ಆಫ್ರಿಕದಲ್ಲಿ ಬಾಳುತ್ತಿರುವುದರಿಂದ ನಮ್ಮ ಮೂಲಪುರುಷರೂ ಅಲ್ಲಿಯೇ ಇದ್ದಿರುವ ಸಂಭವ ಹೆಚ್ಚೆಂದು ಅವನು ಊಹಿಸಿದನು.

ಈ ಊಹೆ ಬಹಳ ಜನಕ್ಕೆ ಹಿಡಿಸಲಿಲ್ಲ. ಜರ್ಮನಿಯ ಹೆಕೆಲ್ ಮನುಷ್ಯನ ತವರು ಏಷ್ಯವೆಂದನು. ಅವನ ಬರಹಗಳಿಂದ ಸ್ಫೂರ್ತಿಗೊಂಡ ಡಚ್ಚರ ವೈದ್ಯ ಯೂಜೀನ್ ದುಬ್ವಾ 1891ರಲ್ಲಿ ಜಾವಾದ್ವೀಪದ ಹೊಳೆಯ ದಂಡೆಯಲ್ಲಿ ಆದಿಮಾನವನ ನೆತ್ತಿಯ ಮೂಳೆಯನ್ನು ಕಂಡುಹಿಡಿದನು. ಇಂಗ್ಲೆಂಡಿನವರು ಹಿಂದೆ ಬೀಳದೆ 1912ರಲ್ಲಿ ತಮ್ಮ ಪಿಲ್ಟ್‌ಡೌನ್ ಗ್ರಾಮದಲ್ಲಿಯೇ ಮೊದಲ ಮಾನವನು ಸಿಕ್ಕನೆಂದು ಹಿಗ್ಗಿದರು. ಮನುಷ್ಯನ ಬುರುಡೆಗೆ ವಾನರದ ದವಡೆಯನ್ನು ಜೊತೆಮಾಡಿ ಬಣ್ಣ ಬಳಿದ ಮೋಸ ಅದೆಂದು ಬಯಲಾದದ್ದು 1953ರಲ್ಲಿ. ಮೊದಲ ಮನುಷ್ಯ ತನ್ನ ಊರಿನವನೇ ಆಗಿರಲೆಂಬ ಆಸೆ ಎಲ್ಲ ದೇಶಗಳಿಗೂ ಇದ್ದಂತೆ ತೋರುತ್ತದೆ.

ನಮ್ಮ ದೇಶದ ಸರದಿ ಬಂದದ್ದು ಶಿವಾಲಿಕ ಬೆಟ್ಟಗಳಿಂದ. ಹಿಮಾಲಯದ ತಪ್ಪಲಿನಲ್ಲಿ ಉದ್ದಕ್ಕೂ ಹಬ್ಬಿರುವ ಈ ಸಣ್ಣ ಬೆಟ್ಟಗಳ ಸಾಲು ಗಟ್ಟಿಬಂಡೆಯದಲ್ಲ. ಹಿಮಾಲಯ ಮೇಲೇಳುತ್ತಿದ್ದ ಕಾಲದಲ್ಲಿ ನದಿಗಳು ಅದರ ಮೈಯನ್ನು ಕೊರೆದು ತಂದು ಸುರಿದ ಮರಳು, ಕೆಸರು, ಜಲ್ಲಿಗಳು ಲಕ್ಷಾಂತರ ವರ್ಷ ಪದರಪದರವಾಗಿ ಕುಳಿತು, ಒತ್ತಡಕ್ಕೆ ಸಿಕ್ಕಿ ಮಡಿಸಿ ಮೇಲೆದ್ದದ್ದರಿಂದ ಆದ ಬೆಟ್ಟಗಳಿವು. ಆ ನದಿಗಳ ದಡದಲ್ಲಿ ನೀರು ಕುಡಿಯಲು ಬಂದು ಸತ್ತ ಪ್ರಾಣಿಗಳ ಮೂಳೆಗಳು ಕೆಸರಿನಲ್ಲಿ ಹೂತು ಕಲ್ಲಾಗಿವೆ. 1830ರ ದಶಕದಲ್ಲಿ ಹ್ಯೂ ಫಾಕನರ್ ಎಂಬ ವೈದ್ಯನೂ, ಮುಂದೆ ಗಂಗಾ ಕಾಲುವೆಯನ್ನು ಕಟ್ಟಿಸಿ ಹೆಸರಾದ ಪ್ರಾಬಿ ಕಾಟ್ಲಿ ಎಂಬ ಇಂಜಿನಿಯರನೂ ಇಲ್ಲಿ ಅಗೆದು ಆನೆ, ನೀರಾನೆ, ಜಿರಾಫೆ, ಆಮೆಗಳ ರಾಶಿರಾಶಿ ಪಳೆಯುಳಿಕೆಗಳನ್ನು ಹೊರತೆಗೆದರು. ಕೋತಿಯ ಅವಶೇಷಗಳೂ ಅವುಗಳಲ್ಲಿದ್ದುವು. 1910ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಗೈ ಪಿಲ್‌ಗ್ರಿಮ್ ಇಲ್ಲಿಂದ ದೊರೆತ ವಾನರವೊಂದಕ್ಕೆ ಶಿವಪಿಥೆಕಸ್ ಎಂದು ಹೆಸರಿಟ್ಟನು. ಪಿಥೆಕಸ್ ಎಂದರೆ ಗ್ರೀಕರ ಮಾತಿನಲ್ಲಿ ವಾನರ. ಶಿವಾಲಿಕದ ವಾನರ, ಶಿವನ ವಾನರ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಕಥೆಯ ಕೊನೆಗೆ ಇದು ಮತ್ತೆ ಬರುತ್ತದೆ.

1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಬಂದ ಸಂಶೋಧನ ತಂಡದಲ್ಲಿ ಜಿ. ಎಡ್ವರ್ಡ್ ಲೂಯಿಸ್ ಎಂಬ ವಿದ್ಯಾರ್ಥಿಯಿದ್ದನು. ಈಗಿನ ಹಿಮಾಚಲ ಪ್ರದೇಶದ ಬಿಲಾಸಪುರ ಜಿಲ್ಲೆಗೆ ಸೇರಿದ ಹರಿತಲ್ಯಂಗರ್ ಎಂಬ ಹಳ್ಳಿಯ ಬಳಿ ಅವನಿಗೊಂದು ಮೇಲ್ದವಡೆಯ ಬಲಭಾಗದ ಚೂರು ಸಿಕ್ಕಿತು. ಕೆಲವು ಹಲ್ಲುಗಳಿದ್ದುವು, ಮುಂದಿನ ಹಲ್ಲುಗಳ ಜಾಗದಲ್ಲಿ ಕುಳಿಗಳು ಮಾತ್ರ. ಆದರೆ ಆ ಚೂರಿನಲ್ಲಿ ಲೂಯಿಸ್ ಅಪೂರ್ವವಾದುದನ್ನು ಕಂಡನು. ವಾನರಗಳಿಗೆ ಮೂತಿ ಮುಂದಕ್ಕೆ ಚಾಚಿರುತ್ತದೆ, ಇದಕ್ಕೆ ಇಲ್ಲ. ವಾನರಗಳ ಕೋರೆಹಲ್ಲು ಈಟಿಯಂತಿರುತ್ತದೆ, ಇದರ ಕೋರೆಹಲ್ಲಿನ ಕುಳಿ ಚಿಕ್ಕದು. ವಾನರಗಳ ಹಲ್ಲುಸಾಲು ಲಾಳದಂತೆ ಎರಡು ಪಕ್ಕ ನೇರವಾಗಿ ಓಡುತ್ತದೆ, ಇದರದು ಮನುಷ್ಯನದರಂತೆ ಕಮಾನಾಗಿ ಬಾಗುತ್ತದೆ. 1934ರಲ್ಲಿ ಅವನು ಇದಕ್ಕೆ ರಾಮಪಿಥೆಕಸ್ ಎಂದು ನಾಮಕರಣ ಮಾಡಿದನು. ಅದೇ ಲೇಖನದಲ್ಲಿ ಬೇರೆ ಚೂರುಗಳಿಗೆ ಬ್ರಹ್ಮನ ಹೆಸರೂ ಸುಗ್ರೀವನ ಹೆಸರೂ ಸಂದುವು. ಸುಗ್ರೀವನೆಂದೊಡನೆ ಹಂಪೆ ಆನೆಗೊಂದಿಗಳ ಬಂಡೆಗಳು ಕಣ್ಣಮುಂದೆ ಬರುವ ನಮಗೆ, ಕಿಷ್ಕಿಂಧೆಯ ದೊರೆ ಹೀಗೆ ಯೇಲಿನ ಪತ್ರಿಕೆಯಲ್ಲಿ ಕಾಣಿಸಿಕೊಂಡದ್ದು ತಮಾಷೆಯಾಗಿಯೇ ಕಾಣುತ್ತದೆ.

ಆ ಕಾಲದಲ್ಲಿ ಲೂಯಿಸನ ಮಾತಿಗೆ ಬೆಲೆ ಬರಲಿಲ್ಲ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದ್ದ ಆಲೆಸ್ ಹರ್ಡ್ಲಿಚ್ಕ ಮನುಷ್ಯನ ಮೂಲದ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡುತ್ತಿದ್ದವನು. ಇದು ವಾನರವೇ ಹೊರತು ಮನುಷ್ಯನ ಪೂರ್ವಜನಲ್ಲವೆಂದು 1935ರಲ್ಲಿ ಕಟುವಾಗಿಯೇ ಬರೆದನು. ಲೂಯಿಸ್ 1937ರ ತನ್ನ ಪ್ರಬಂಧದಲ್ಲಿ ಪಟ್ಟು ಬಿಡದೆ ರಾಮಪಿಥೆಕಸನ್ನು ಮನುಷ್ಯನ ಕುಟುಂಬಕ್ಕೆ ಸೇರಿಸಿದನು, ಪ್ರಬಂಧ ಅಚ್ಚಾಗಲಿಲ್ಲ. ದವಡೆಯ ಚೂರು ಯೇಲಿನ ಸಂಗ್ರಹಾಲಯದ ಅರೆಯೊಂದರಲ್ಲಿ ಸದ್ದಿಲ್ಲದೆ ಮಲಗಿತು.

ಅದನ್ನು ಎಬ್ಬಿಸಿದವನು ಎಲ್ವಿನ್ ಸೈಮನ್ಸ್. ಯೇಲಿಗೆ ಹೊಸದಾಗಿ ಬಂದ ಅವನು ಹಳೆಯ ಅರೆಗಳನ್ನು ತೆರೆದು ನೋಡುತ್ತ, ಲೂಯಿಸನ ಕಣ್ಣು ಸರಿಯಾಗಿಯೇ ಕಂಡಿತ್ತೆಂದು ತೀರ್ಮಾನಿಸಿ 1961ರಲ್ಲಿ ಬರೆದನು. ಲೂಯಿಸ್ ಬ್ರಹ್ಮನ ಹೆಸರಿಟ್ಟಿದ್ದ ಕೆಳದವಡೆಗಳೂ ರಾಮಪಿಥೆಕಸ್ಸಿನವೇ ಎಂದು ಅವನಿಗೆ ತೋರಿತು; ಒಂದೇ ಪ್ರಾಣಿಯ ಮೇಲ್ದವಡೆ ರಾಮನ ಪಾಲಿಗೂ ಕೆಳದವಡೆ ಬ್ರಹ್ಮನ ಪಾಲಿಗೂ ಹೋಗಿದ್ದುವು! ಅದೇ ವರ್ಷ ಕೀನ್ಯಾದ ಫೋರ್ಟ್ ಟರ್ನನ್ ಎಂಬಲ್ಲಿ ಲೂಯಿ ಲೀಕಿಗೆ ಇಂಥದೇ ದವಡೆಯ ಚೂರುಗಳು ದೊರೆತುವು. ಅವನು ಅದಕ್ಕೆ ಕೀನ್ಯಾಪಿಥೆಕಸ್ ಎಂದನು. ಸೈಮನ್ಸ್ ಇದೂ ರಾಮಪಿಥೆಕಸ್ಸೇ ಎಂದನು. ಅಲ್ಲಿನ ಜ್ವಾಲಾಮುಖಿಯ ಬೂದಿಪದರಗಳಿಂದ ಅದರ ವಯಸ್ಸು ಸುಮಾರು 1 ಕೋಟಿ 40 ಲಕ್ಷ ವರ್ಷವೆಂದು ಗೊತ್ತಾಯಿತು. ಸೈಮನ್ಸನ ಜೊತೆಗೆ ಡೇವಿಡ್ ಪಿಲ್‌ಬೀಮ್ ಎಂಬ ತರುಣನೂ ಸೇರಿದನು. ಇಬ್ಬರೂ ಕೂಡಿ ಬರೆದ ಲೇಖನಗಳ ಪ್ರಭಾವ ಎಷ್ಟಿತ್ತೆಂದರೆ, ಒಂದು ದಶಕ ಕಳೆಯುವುದರೊಳಗೆ ಮನುಷ್ಯನ ವಂಶಾವಳಿಯ ಬುಡದಲ್ಲಿ ರಾಮಪಿಥೆಕಸ್ ಗಟ್ಟಿಯಾಗಿ ಕುಳಿತಿತು. ನಮ್ಮ ಶಾಲಾಕಾಲೇಜುಗಳ ಪಾಠಪುಸ್ತಕಗಳಲ್ಲಿಯೂ ಅದು ಬಹುಕಾಲ ಉಳಿಯಿತು.

ಅಂದಿನ ವಾದಸರಣಿಯನ್ನು ಸ್ವಲ್ಪ ಗಮನಿಸಿ. ಕೋರೆಹಲ್ಲು ಚಿಕ್ಕದು, ಆದ್ದರಿಂದ ಹಲ್ಲಿನಿಂದ ಕಾದಾಡುತ್ತಿರಲಿಲ್ಲ. ಆದ್ದರಿಂದ ಕೈಯಲ್ಲಿ ಆಯುಧವಿದ್ದಿರಬೇಕು. ಕೈ ಆಯುಧ ಹಿಡಿಯಬೇಕಾದರೆ ನಡಿಗೆಯ ಕೆಲಸದಿಂದ ಬಿಡುಗಡೆಯಾಗಿರಬೇಕು. ಆದ್ದರಿಂದ ಅದು ಎರಡೇ ಕಾಲಿನ ಮೇಲೆ ನಡೆಯುತ್ತಿದ್ದಿರಬೇಕು. ಹೀಗೆ ಒಂದು ಕೈಬೆರಳೂ, ಒಂದು ಕಾಲಿನ ಮೂಳೆಯೂ ಇಲ್ಲದೆ, ಬರಿಯ ಹಲ್ಲುಗಳಿಂದಲೇ ನೆಟ್ಟಗೆ ನಡೆಯುವ, ಆಯುಧ ಹಿಡಿದ ಪೂರ್ವಜನೊಬ್ಬನು ಎದ್ದುನಿಂತನು. ಇದೇ ಹೊತ್ತಿಗೆ, 1960ರ ನವೆಂಬರಿನಲ್ಲಿ, ತಾಂಗನ್ಯೀಕ ಸರೋವರದ ದಂಡೆಯ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಎಂಬ ತರುಣಿ ಬೇರೊಂದನ್ನು ನೋಡಿದ್ದಳು. ಚಿಂಪಾಂಜಿಯೊಂದು ಹುಲ್ಲುಕಡ್ಡಿಯನ್ನು ಗೆದ್ದಲುಹುತ್ತಕ್ಕೆ ತೂರಿಸಿ, ಅಂಟಿಬಂದ ಗೆದ್ದಲುಗಳನ್ನು ತಿನ್ನುತ್ತಿತ್ತು. ಚಿಗುರುಕಡ್ಡಿಯ ಎಲೆಗಳನ್ನು ಸವರಿ ಉಪಕರಣವನ್ನು ತಾನೇ ಸಿದ್ಧಮಾಡುತ್ತಿತ್ತು. ದೊಡ್ಡ ಕೋರೆಹಲ್ಲಿರುವ, ನಾಲ್ಕು ಕಾಲಿನ ಮೇಲೆ ನಡೆಯುವ ಪ್ರಾಣಿ ಅದು. ಹಲ್ಲಿನಿಂದ ಆಯುಧಕ್ಕೆ, ಆಯುಧದಿಂದ ನಡಿಗೆಗೆ ಕಟ್ಟಿದ ಸೇತುವೆ ಎಷ್ಟು ಸಡಿಲವೆಂದು ಆಗಲೇ ಅರಿಯಬಹುದಾಗಿತ್ತು.

ರಾಮಪಿಥೆಕಸ್ ಇಷ್ಟು ಜನಪ್ರಿಯವಾದುದಕ್ಕೆ ಇನ್ನೊಂದು ಕಾರಣವೂ ಉಂಟೆಂದು ನನಗೆ ತೋರುತ್ತದೆ. 1 ಕೋಟಿ 40 ಲಕ್ಷ ವರ್ಷಗಳ ಹಿಂದೆಯೇ ಮನುಷ್ಯನ ಕವಲು ಬೇರೆಯಾಗಿದ್ದ ಪಕ್ಷದಲ್ಲಿ, ಗೊರಿಲ್ಲ ಚಿಂಪಾಂಜಿಗಳು ನಮಗೆ ತೀರ ದೂರದ ಸಂಬಂಧಿಗಳಾಗುತ್ತವೆ. ನೆಂಟಸ್ತನ ಉಂಟು, ಆದರೆ ಸೂತಕ ಮುಟ್ಟುವಷ್ಟು ಹತ್ತಿರದ್ದಲ್ಲ. ವಿಕಾಸವಾದವನ್ನು ಒಪ್ಪಿಯೂ ಮನುಷ್ಯನ ಗೌರವವನ್ನು ಉಳಿಸಿಕೊಂಡ ಸಮಾಧಾನ ಅದರಲ್ಲಿತ್ತು.

ಈ ಸಮಾಧಾನವನ್ನು ಕೆಡಿಸಿದ್ದು ಮೂಳೆಯಲ್ಲ, ನೆತ್ತರು. ನಮ್ಮ ಭಾಷೆಯಲ್ಲಿ ಹತ್ತಿರದ ನೆಂಟಸ್ತನಕ್ಕೆ ರಕ್ತಸಂಬಂಧವೆಂದು ಹೇಳುತ್ತೇವೆ. ಅದನ್ನು ಅಕ್ಷರಶಃ ಪರೀಕ್ಷಿಸಬಹುದೆಂದು ತೋರಿಸಿಕೊಟ್ಟವನು ಕೇಂಬ್ರಿಜ್ಜಿನ ಜಾರ್ಜ್ ನಟಾಲ್. ಮೊಲಕ್ಕೆ ಮನುಷ್ಯನ ರಕ್ತದ ತಿಳಿನೀರನ್ನು ಚುಚ್ಚಿದರೆ, ಮೊಲದ ದೇಹ ಅದನ್ನು ಹೊರಗಿನದೆಂದು ಗುರುತಿಸಿ ಅದಕ್ಕೆದುರಾದ ದ್ರವ್ಯವನ್ನು ತಯಾರಿಸುತ್ತದೆ. ಆ ಮೊಲದ ರಕ್ತರಸವನ್ನು ಮನುಷ್ಯನ ರಕ್ತರಸದೊಡನೆ ಬೆರೆಸಿದರೆ ದಟ್ಟವಾದ ಗಸಿ ಕೆಳಗಿಳಿಯುತ್ತದೆ. ಬೇರೆ ಪ್ರಾಣಿಯ ರಕ್ತದೊಡನೆ ಬೆರೆಸಿದರೆ, ಅದು ಮನುಷ್ಯನಿಗೆ ಎಷ್ಟು ಹತ್ತಿರವೋ ಗಸಿ ಅಷ್ಟು ಹೆಚ್ಚು; ಎಷ್ಟು ದೂರವೋ ಅಷ್ಟು ಕಡಿಮೆ. ನಟಾಲ್ ಸಾವಿರಾರು ಪರೀಕ್ಷೆಗಳನ್ನು ನಡೆಸಿ 1904ರಲ್ಲಿ ಗ್ರಂಥವನ್ನೇ ಬರೆದನು. ವಾನರಗಳ ರಕ್ತ ಹೆಚ್ಚು ಕಡಿಮೆ ಮನುಷ್ಯನ ರಕ್ತದಂತೆಯೇ ಗಸಿ ಕಟ್ಟಿತು. ಕೋತಿಗಳದು ಅದಕ್ಕಿಂತ ಕಡಿಮೆ. ಮೂಳೆಯನ್ನು ನಂಬಿದ ವಿದ್ವಾಂಸರು ಇದನ್ನು ಅಷ್ಟಾಗಿ ಗಮನಿಸಲಿಲ್ಲ.

ಅರುವತ್ತು ವರ್ಷಗಳ ಮೇಲೆ ಅಮೆರಿಕದ ಮಾರಿಸ್ ಗುಡ್‌ಮನ್ ಇದೇ ವಿಧಾನವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ ಪರೀಕ್ಷಿಸಿದನು. ಅದುವರೆಗೆ ಪುಸ್ತಕಗಳಲ್ಲಿ ಗೊರಿಲ್ಲ, ಚಿಂಪಾಂಜಿ, ಒರಾಂಗುಟಾನ್ ಮೂರೂ ಒಂದು ಮನೆ, ಮನುಷ್ಯ ಮಾತ್ರ ಬೇರೆ ಮನೆ ಎಂದಿತ್ತು. ರಕ್ತದ ಸಾಕ್ಷ್ಯ ಬೇರೆಯಾಗಿತ್ತು. ಗೊರಿಲ್ಲ, ಚಿಂಪಾಂಜಿ, ಮನುಷ್ಯ ಮೂವರೂ ಒಟ್ಟಿಗೆ ನಿಂತರು. ಒರಾಂಗುಟಾನ್ ದೂರ ನಿಂತಿತು. ಡಾರ್ವಿನ್ ಆಫ್ರಿಕವೆಂದು ಹೇಳಿದ್ದುದು ಹೀಗೆ ಸೀಸೆಯೊಳಗಿನ ಗಸಿಯಲ್ಲಿ ಮತ್ತೆ ಕಾಣಿಸಿಕೊಂಡಿತು.

1967ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ಎಂಬಿಬ್ಬರು ಇದಕ್ಕೆ ಗಡಿಯಾರವನ್ನು ಜೋಡಿಸಿದರು. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಕಾಲಕ್ರಮದಲ್ಲಿ ಹೆಚ್ಚು ಕಡಿಮೆ ಒಂದೇ ವೇಗದಿಂದ ಬದಲಾಗುತ್ತದೆಂದು ಅವರು ಕಂಡುಕೊಂಡರು. ಹಾಗಾದರೆ ಬದಲಾವಣೆಯ ಮೊತ್ತದಿಂದ ಕಾಲವನ್ನು ಎಣಿಸಬಹುದಲ್ಲವೇ? ವಾನರಗಳ ಕವಲೂ ಹಳೆಯ ಜಗತ್ತಿನ ಕೋತಿಗಳ ಕವಲೂ ಬೇರೆಯಾಗಿ 3 ಕೋಟಿ ವರ್ಷವಾಯಿತೆಂದು ಪಳೆಯುಳಿಕೆಗಳ ಆಧಾರದಿಂದ ಇಟ್ಟುಕೊಂಡರು. ಮನುಷ್ಯನಿಗೂ ಚಿಂಪಾಂಜಿಗೂ ಇರುವ ವ್ಯತ್ಯಾಸ ಅದರ ಆರರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಇವೆರಡು ಕವಲುಗಳು ಬೇರೆಯಾದದ್ದು ಸುಮಾರು 50 ಲಕ್ಷ ವರ್ಷಗಳ ಹಿಂದೆ. ತ್ರೈರಾಶಿಯ ಲೆಕ್ಕ, ಆದರೆ ಫಲ ಸಿಡಿಲಿನಂಥದು. 50 ಲಕ್ಷ ವರ್ಷದ ಹಿಂದೆ ಕವಲೊಡೆದ ಮನೆಯಲ್ಲಿ 1 ಕೋಟಿ 40 ಲಕ್ಷ ವರ್ಷದ ಹಿಂದಿನ ರಾಮಪಿಥೆಕಸ್ ಮನುಷ್ಯನಿಗೆ ಮಾತ್ರ ಪೂರ್ವಜನಾಗುವುದು ಹೇಗೆ? ಅಷ್ಟು ಹಳೆಯ ಮೂಳೆ ಮನುಷ್ಯನದರಂತೆ ಎಷ್ಟೇ ಕಂಡರೂ ಅದನ್ನು ಮನುಷ್ಯನ ಸಾಲಿಗೆ ಸೇರಿಸಲು ಬರುವುದಿಲ್ಲವೆಂದು ಸಾರಿಚ್ ಖಂಡಿತವಾಗಿ ಹೇಳಿದನು.

ಜಗಳ ಜೋರಾಯಿತು. ಮೂಳೆಯವರು ಸೀಸೆಯವರನ್ನು ನೋಡಿ ನಕ್ಕರು. ಕಣ್ಣೆದುರಿಗೆ ದವಡೆಯಿರುವಾಗ ಕಣ್ಣಿಗೆ ಕಾಣದ ಗಡಿಯಾರವನ್ನು ನಂಬುವುದುಂಟೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ದವಡೆ ಕಣ್ಣೆದುರಿಗೆ ಎಷ್ಟರಮಟ್ಟಿಗೆ ಇತ್ತು? ಲೂಯಿಸನಿಗೆ ಸಿಕ್ಕಿದ್ದು ಬಲಭಾಗ ಮಾತ್ರ. ಬಾಯಿಯ ನಡುಗೆರೆಯೇ ಆ ಚೂರಿನಲ್ಲಿ ಉಳಿದಿರಲಿಲ್ಲ. ಎಡಭಾಗವನ್ನು ಕಲ್ಪಿಸಿಕೊಂಡು ಜೋಡಿಸುವಾಗ ಚೂರನ್ನು ಒಂದಿಷ್ಟು ತಿರುಗಿಸಿ ಹಿಡಿದರೆ ಹಲ್ಲುಸಾಲು ಕಮಾನಾಗುತ್ತದೆ. ಇನ್ನೊಂದಿಷ್ಟು ತಿರುಗಿಸಿದರೆ ಆಗುವುದಿಲ್ಲ. ಮನುಷ್ಯನ ಕಮಾನು ಕಲ್ಲಿನಲ್ಲಿದ್ದದ್ದಕ್ಕಿಂತ ಜೋಡಿಸಿದವನ ಕೈಯಲ್ಲಿದ್ದದ್ದೇ ಹೆಚ್ಚು. 1973ರಲ್ಲಿ ಆಲನ್ ವಾಕರ್ ಮತ್ತು ಪೀಟರ್ ಆಂಡ್ರ್ಯೂಸ್ ಫೋರ್ಟ್ ಟರ್ನನ್ನಿನ ಮೇಲ್ದವಡೆ ಕೆಳದವಡೆಗಳನ್ನು ಒಂದಕ್ಕೊಂದು ಹೊಂದಿಸಿ ಜೋಡಿಸಿದಾಗ ಮನುಷ್ಯನ ಕಮಾನು ಬರಲೇ ಇಲ್ಲ.

ಕೊನೆಯ ಏಟನ್ನು ಕೊಟ್ಟವನು ರಾಮಪಿಥೆಕಸ್ಸಿನ ಪ್ರತಿಪಾದಕರಲ್ಲಿ ಒಬ್ಬನಾಗಿದ್ದ ಪಿಲ್‌ಬೀಮನೇ. ವಾದಿಸುತ್ತ ಕೂರುವುದಕ್ಕಿಂತ ಇನ್ನಷ್ಟು ಮೂಳೆಗಳನ್ನು ಹುಡುಕುವುದೇ ಸರಿಯೆಂದು ಅವನು 1973ರಿಂದ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ, ಅಲ್ಲಿನ ಭೂವಿಜ್ಞಾನಿಗಳೊಡನೆ ಕೂಡಿ, ವರ್ಷವರ್ಷವೂ ಅಗೆಯುತ್ತ ಹೋದನು. ಅದೂ ಶಿವಾಲಿಕದ ಪದರಗಳ ನೆಲವೇ. ಅಲ್ಲಿ ಸಿಕ್ಕ ಶಿವಪಿಥೆಕಸ್ಸಿನ ಮುಖವೊಂದನ್ನು 1982ರಲ್ಲಿ ಅವನು ಪ್ರಕಟಿಸಿದನು. ಇದುವರೆಗೆ ಚೂರು ದವಡೆಗಳನ್ನು ನೋಡಿ ನೋಡಿ ದಣಿದವರಿಗೆ ಈಗ ಮುಖವೇ ಎದುರಾಗಿತ್ತು: ಎತ್ತರವಾದ ಕಣ್ಣುಕುಳಿಗಳು, ಅವುಗಳ ನಡುವೆ ತೀರ ಇಕ್ಕಟ್ಟಾದ ಎಡೆ, ಒಳಕ್ಕೆ ಬಾಗಿದ ಮೋರೆ. ಅದು ಮನುಷ್ಯನ ಮುಖವಾಗಿರಲಿಲ್ಲ, ಚಿಂಪಾಂಜಿಯದೂ ಆಗಿರಲಿಲ್ಲ. ಒರಾಂಗುಟಾನಿನ ಮುಖವನ್ನು ನೋಡಿದವರು ಅದನ್ನು ಕೂಡಲೇ ಗುರುತಿಸಬಹುದಾಗಿತ್ತು.

ಶಿವಪಿಥೆಕಸ್ಸಿನ ಮುಖ ಸಿಕ್ಕರೆ ರಾಮಪಿಥೆಕಸ್ಸಿಗೆ ಏಕೆ ಕುತ್ತು ಬಂತು? ಹೊಸ ಮೂಳೆಗಳು ಹೆಚ್ಚಿದಂತೆಲ್ಲ ಎರಡಕ್ಕೂ ಭೇದ ಕರಗುತ್ತ ಬಂದಿತ್ತು. ವಾನರಗಳಲ್ಲಿ ಗಂಡು ಬಹಳ ದೊಡ್ಡದು, ಹೆಣ್ಣು ಚಿಕ್ಕದು. ಹೆಣ್ಣಿನ ಕೋರೆಹಲ್ಲೂ ಚಿಕ್ಕದು. ಮನುಷ್ಯಲಕ್ಷಣವೆಂದು ಕೊಂಡಾಡಿದ್ದ ಆ ಚಿಕ್ಕ ಕೋರೆಹಲ್ಲು ಬಹುಮಟ್ಟಿಗೆ ಹೆಣ್ಣು ವಾನರದ ಲಕ್ಷಣವಾಗಿತ್ತು. ಒಂದೇ ಪ್ರಾಣಿಗೆ ಎರಡು ಹೆಸರು ಬಿದ್ದರೆ ಮೊದಲಿಟ್ಟದ್ದು ಉಳಿಯಬೇಕೆಂಬುದು ಪ್ರಾಣಿಶಾಸ್ತ್ರದ ಕಟ್ಟಳೆ. 1910ರ ಹೆಸರು ಉಳಿಯಿತು, 1934ರದು ಅಳಿಯಿತು. ಹರಿಹರರಲ್ಲಿ ಭೇದವಿಲ್ಲವೆಂದು ನಂಬಿದ ನಾಡಿನವರು ನಾವು. ರಾಮನು ಶಿವನಲ್ಲಿ ಲೀನನಾದನೆಂದು ತಿಳಿದು ಸುಮ್ಮನಿರಬಹುದು.

ಪಿಲ್‌ಬೀಮ್ ತನ್ನ ಹಿಂದಿನ ಮಾತು ತಪ್ಪೆಂದು ಬರಹದಲ್ಲಿಯೇ ಒಪ್ಪಿಕೊಂಡನು. ಪ್ರಾಚೀನ ಮೂಳೆಗಳನ್ನು ನೋಡುವಾಗ ನಮ್ಮ ಪೂರ್ವಕಲ್ಪನೆಗಳೇ ಕಣ್ಣಾಗುತ್ತವೆ ಎಂಬ ಎಚ್ಚರಿಕೆಯನ್ನು ಸಹೋದ್ಯೋಗಿಗಳಿಗೂ ಕೊಟ್ಟನು. ಪಂಡಿತರಾದವರು ತಾವೇ ಕಟ್ಟಿದ ಗೋಪುರವನ್ನು ತಮ್ಮ ಕೈಯಿಂದಲೇ ಕೆಡಹುವುದು ಅಪರೂಪ. ವಿಜ್ಞಾನದ ಹಿರಿಮೆ ಅದು ತಪ್ಪದೆ ಇರುವುದರಲ್ಲಿ ಇಲ್ಲ. ತಪ್ಪನ್ನು ತಿದ್ದಿಕೊಳ್ಳಲು ಅಗೆಯುತ್ತಲೇ ಇರುವುದರಲ್ಲಿದೆ. ಇದೂ ಮುಗಿದ ಮಾತೇನಲ್ಲ. 1990ರಲ್ಲಿ ಪ್ರಕಟವಾದ ಶಿವಪಿಥೆಕಸ್ಸಿನ ತೋಳಿನ ಮೂಳೆಗಳು ಒರಾಂಗುಟಾನಿನ ತೋಳಿನಂತಿರಲಿಲ್ಲ. ಮುಖ ಒಂದು ಕಡೆಗೆ, ತೋಳು ಇನ್ನೊಂದು ಕಡೆಗೆ ಸಾಕ್ಷಿ ಹೇಳುತ್ತಿವೆ. ಸೀಸೆಯವರ ಲೆಕ್ಕವೂ ಅಷ್ಟೇ ಕರಾರುವಾಕ್ಕಾಗಿ ನಿಲ್ಲಲಿಲ್ಲ. ಮಧ್ಯ ಆಫ್ರಿಕದ ಚಾಡ್ ದೇಶದಲ್ಲಿ 2001ರಲ್ಲಿ ದೊರೆತ ಸುಮಾರು 70 ಲಕ್ಷ ವರ್ಷ ಹಳೆಯ ತಲೆಬುರುಡೆ ಮನುಷ್ಯನ ಕವಲಿನದೆಂದು ಅನೇಕರು ನಂಬಿರುವುದರಿಂದ, ಕವಲೊಡೆದ ಕಾಲವನ್ನು ಸಾರಿಚ್ ಹೇಳಿದ್ದಕ್ಕಿಂತ ಒಂದಿಷ್ಟು ಹಿಂದಕ್ಕೆ ತಳ್ಳಬೇಕಾಗಿದೆ. ಆದರೆ ಮೂಲ ತೀರ್ಪು ಬದಲಾಗಿಲ್ಲ: ನೆಂಟಸ್ತನ ಹತ್ತಿರದ್ದು, ತವರು ಆಫ್ರಿಕ.

ಎಷ್ಟು ಹತ್ತಿರವೆಂಬುದು 2005ರಲ್ಲಿ ಚಿಂಪಾಂಜಿಯ ಆನುವಂಶಿಕ ಲಿಪಿಯನ್ನು ಆದ್ಯಂತ ಓದಿ ಮನುಷ್ಯನದರೊಡನೆ ಹೋಲಿಸಿದಾಗ ಇನ್ನೂ ಸ್ಪಷ್ಟವಾಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರಕ್ಕೆ ತಾಳೆ ನೋಡಿದರೆ ಬೇರೆಯಾದ ಅಕ್ಷರಗಳು ನೂರಕ್ಕೆ 1.23 ಮಾತ್ರ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ತುಣುಕುಗಳನ್ನೂ ಎಣಿಸಿದರೆ ವ್ಯತ್ಯಾಸ ನೂರಕ್ಕೆ ನಾಲ್ಕರಷ್ಟಾಗುತ್ತದೆ. ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್ ಮೂರಕ್ಕೂ ಜೀವಕಣದಲ್ಲಿ 48 ವರ್ಣತಂತುಗಳು, ನಮಗೆ 46. ಎರಡು ಎಲ್ಲಿ ಹೋದುವು? ಎಲ್ಲಿಯೂ ಹೋಗಿಲ್ಲ. ಎರಡು ಜೊತೆಗಳು ತುದಿಗೆ ತುದಿ ಬೆಸೆದು ನಮ್ಮ ಎರಡನೆಯ ವರ್ಣತಂತುವಾಗಿವೆ. ಬೆಸುಗೆಯ ಗುರುತನ್ನು ಅದರ ನಡುವೆ ಈಗಲೂ ನೋಡಬಹುದು. ಹೊಲಿದು ಸೇರಿಸಿದ ಬಟ್ಟೆಯಲ್ಲಿ ಹೊಲಿಗೆ ಕಾಣುವಂತೆ. ಇನ್ನೂ ವಿಸ್ಮಯದ ಮಾತೆಂದರೆ, ನಮ್ಮ ಕಣ್ಣಿಗೆ ಒಂದೇ ಬಗೆಯವಾಗಿ ತೋರುವ ಚಿಂಪಾಂಜಿ ಗೊರಿಲ್ಲಗಳನ್ನು ತೆಗೆದುಕೊಂಡರೆ, ಚಿಂಪಾಂಜಿಗೆ ಗೊರಿಲ್ಲಕ್ಕಿಂತ ಮನುಷ್ಯನೇ ಹತ್ತಿರದವನು. ಆದರೆ ಮನುಷ್ಯನು ಚಿಂಪಾಂಜಿಯಿಂದ ಹುಟ್ಟಿದನೆಂದು ಯಾರೂ ಹೇಳುವುದಿಲ್ಲ. ಇಬ್ಬರೂ ದಾಯಾದಿಗಳು, ಒಂದೇ ಅಜ್ಜಿಯ ಮಕ್ಕಳ ಮಕ್ಕಳು. ಆ ಅಜ್ಜಿ ಇವರಿಬ್ಬರ ಹಾಗೂ ಇರಲಿಲ್ಲ.

ಶಿವಾಲಿಕದಲ್ಲಿ ನಮ್ಮ ಪೂರ್ವಜನು ಸಿಗಲಿಲ್ಲವೆಂದು ಖೇದಪಡಬೇಕಾದ್ದಿಲ್ಲ. ಅಲ್ಲಿ ಸಿಕ್ಕದ್ದು ಸಣ್ಣದೇನಲ್ಲ. ಏಷ್ಯದ ವಾನರಕುಲದ ಹಳೆಯ ಮನೆಯ ತಳಪಾಯ. ಜಮ್ಮುವಿನ ರಾಮನಗರದ ಬಳಿ ದೊರೆತ ಒಂದೇ ಒಂದು ಹಲ್ಲು, ಸುಮಾರು 1 ಕೋಟಿ 30 ಲಕ್ಷ ವರ್ಷಗಳ ಹಿಂದಿನ ಗಿಬ್ಬನ್ ಜಾತಿಯ ವಾನರದ್ದೆಂದು 2020ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರು ಕಪಿ. ಈ ಸಲ ಯಾರೂ ಆ ಹಲ್ಲನ್ನು ಮನುಷ್ಯನ ಬಾಯಿಗೆ ತುರುಕಲಿಲ್ಲ. ವಾನರದ ಹಲ್ಲನ್ನು ವಾನರದ ಬಾಯಿಗೇ ಬಿಟ್ಟರು. ಅರ್ಧ ಶತಮಾನದ ಜಗಳದಿಂದ ಇಷ್ಟು ವಿವೇಕ ಬಂದದ್ದು ಲಾಭವೇ.

ಆ ಮನೆಯಲ್ಲಿ ಈಗ ಉಳಿದವರೆಷ್ಟು? ನಮ್ಮ ದೇಶದಲ್ಲಿ ಬಾಲವಿಲ್ಲದ ವಾನರಗಳಲ್ಲಿ ಉಳಿದಿರುವುದು ಈಶಾನ್ಯದ ಕಾಡುಗಳ ಹೂಲಾಕ್ ಗಿಬ್ಬನ್ ಮಾತ್ರ. ಹಿಂದೆ ಏಷ್ಯದ ನಾನಾ ಕಡೆ ಹರಡಿದ್ದ ಒರಾಂಗುಟಾನಿನ ಕುಲ ಈಗ ಬೋರ್ನಿಯೋ ಸುಮಾತ್ರಗಳೆಂಬ ಎರಡು ದ್ವೀಪಗಳಿಗೆ ಕುಗ್ಗಿದೆ. ಸುಮಾತ್ರದ ತಪನುಲಿ ಪ್ರದೇಶದ ಒರಾಂಗುಟಾನ್ ಬೇರೆಯೇ ಜಾತಿಯೆಂದು 2017ರಲ್ಲಿ ಗುರುತಿಸುವ ಹೊತ್ತಿಗೆ ಅದರ ಸಂಖ್ಯೆ ಎಂಟುನೂರಕ್ಕಿಂತ ಕೆಳಗಿಳಿದಿತ್ತು. ಕೋಟಿ ವರ್ಷದ ಹಿಂದಿನ ಚೂರುಮೂಳೆಯಲ್ಲಿ ನೆಂಟಸ್ತನ ಹುಡುಕಲು ಖಂಡಾಂತರ ಅಲೆದ ಮನುಷ್ಯನು, ಕಣ್ಣೆದುರಿಗೆ ಉಸಿರಾಡುತ್ತಿರುವ ನೆಂಟರ ಕಾಡನ್ನು ಕಡಿಯುತ್ತಿದ್ದಾನೆ.

ತೊಟ್ಟಿಲ ಸುತ್ತ ಕುಳಿತವರ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಯಾರ ಮೂಗಾದರೇನು, ಮಗು ಬೆಳೆದು ತನ್ನ ಮುಖವನ್ನು ತಾನೇ ಪಡೆಯುತ್ತದೆ. ಮೂಗು ಯಾರದೆಂದು ಹೇಳಲು ಎಲ್ಲರೂ ಮುಂದೆ ಬರುತ್ತಾರೆ. ಕಷ್ಟಕಾಲದಲ್ಲಿ ನಿಲ್ಲುವ ನೆಂಟರು ಕೆಲವರೇ. ನೆತ್ತರು ತನ್ನ ಸಾಕ್ಷ್ಯವನ್ನು ನುಡಿದಾಗಿದೆ. ಅದನ್ನು ಕೇಳಿದ ಮೇಲೆ ನೆಂಟನಾಗಿ ನಡೆದುಕೊಳ್ಳುವುದು ಬಿಡುವುದು ಮನುಷ್ಯನಿಗೆ ಸೇರಿದ್ದು.